ಮಾತಾಡಿದವರ ಹೆಸರು

ಕರಿಹಲಗೆಯ ಬಲಮೂಲೆ ನಿಮಗೆ ನೆನಪಿದೆಯೆ? ಮೇಷ್ಟ್ರು ಆಫೀಸ್ ರೂಮಿಗೆ ಹೋಗುವಾಗ ಮಾನಿಟರ್ ಕೈಗೊಂದು ಸೀಮೆಸುಣ್ಣ ಕೊಟ್ಟು ಹೋಗುತ್ತಿದ್ದರು. ಆ ಮೂಲೆಯಲ್ಲಿ ‘ಮಾತಾಡಿದವರ ಹೆಸರು’ ಎಂದು ಬರೆದು ಕೆಳಗೊಂದು ಗೆರೆ. ಆಮೇಲೆ ಸಾಲಾಗಿ ಹೆಸರುಗಳು. ಮತ್ತೆ ಬಾಯಿಬಿಟ್ಟರೆ ಹೆಸರಿನ ಮುಂದೆ ಇಂಟು. ಇಂಟು ಎಷ್ಟೋ ಏಟು ಅಷ್ಟು. ನಾನೂ ಒಂದು ವರ್ಷ ಮಾನಿಟರ್ ಆಗಿದ್ದೆ. ನನಗಾಗದವರು ತುಟಿ ಬಿಚ್ಚದೆ ಕೂತಿದ್ದರೂ ಅವರ ಹೆಸರು ಬರೆದಿದ್ದೇನೆ.

ನಮ್ಮ ಪಾಲಿಗೆ ಸುಮ್ಮನಿರುವುದು ಅಂದರೆ ಶಿಕ್ಷೆ. ಕೈ ಕಟ್ಟು, ಬಾಯಿ ಮೇಲೆ ಬೆರಳಿಡು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಯಾವ ಶಾಲೆಯ ಕಿಟಕಿ ಪಕ್ಕ ನಿಂತರೂ ಇವತ್ತಿಗೂ ಆ ‘ಸೈಲೆನ್ಸ್!’ ಕಿವಿಗೆ ಬೀಳುತ್ತದೆ. ಅದನ್ನು ಕಿರುಚಿಯೇ ಹೇಳಬೇಕಾಗಿರುವುದು ತಮಾಷೆ.

ಇನ್ನು ಪ್ರಾರ್ಥನೆ. ಅದು ಶಾಲೆಯಲ್ಲಿ ‘ಪ್ರೇಯರ್’ ಆಗಿ ಎಷ್ಟೋ ಕಾಲವಾಯಿತು. ‘ಪ್ರೇಯರ್ ಆಯ್ತಾ?’ ‘ಪ್ರೇಯರಿಗೆ ಲೇಟಾಗಿ ಬಂದವರು ಗೇಟಿನ ಹತ್ತಿರ ನಿಲ್ಲಿ.’ ಸಾವಧಾನ್, ವಿಶ್ರಾಮ್, ಒಂದು ಹಾಡು, ನಾಡಗೀತೆ, ಸುಭಾಷಿತ, ಪೇಪರಿನ ತಲೆಬರಹ, 2023ರಿಂದ ಸಂವಿಧಾನದ ಪೀಠಿಕೆ, ಕೊನೆಗೆ ರಾಷ್ಟ್ರಗೀತೆ. ನಾಡಗೀತೆಗೆ ಸರ್ಕಾರ ಗೊತ್ತುಮಾಡಿದ್ದು ಎರಡೂವರೆ ನಿಮಿಷ, ರಾಷ್ಟ್ರಗೀತೆಗೆ 52 ಸೆಕೆಂಡು. ಎಲ್ಲದಕ್ಕೂ ಲೆಕ್ಕವಿದೆ. ಇವುಗಳಲ್ಲಿ ಯಾವುದೂ ಬೇಡ ಎನ್ನುತ್ತಿಲ್ಲ. ಆದರೆ ಮಗು ತನ್ನೊಳಗೆ ತಾನು ಒಂದು ಮಾತಾಡಿಕೊಳ್ಳಲು ಆ ಇಡೀ ಹೊತ್ತಿನಲ್ಲಿ ಅರ್ಧ ನಿಮಿಷವಾದರೂ ಇದೆಯೆ? ವರ್ಷಕ್ಕೊಮ್ಮೆ ಜನವರಿ 30ರ ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಮೌನ. ಅದು ಬಿಟ್ಟರೆ ಯಾರಾದರೂ ದೊಡ್ಡವರು ತೀರಿಕೊಂಡಾಗ, ರಜೆ ಕೊಡುವ ಮುಂಚೆ. ಹಾಗಾಗಿ ಮಕ್ಕಳಿಗೆ ಎರಡೇ ಮೌನ ಗೊತ್ತು, ಒಂದು ಬೆತ್ತದ್ದು, ಇನ್ನೊಂದು ಸಾವಿನದು.

2022ರ ನವೆಂಬರಿನಲ್ಲಿ ಅಂದಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಅವರು ಶಾಲೆ, ಪಿಯು ಕಾಲೇಜುಗಳಲ್ಲಿ ದಿನಕ್ಕೆ 10 ನಿಮಿಷ ಧ್ಯಾನ ಮಾಡಿಸಬೇಕೆಂದು ಸೂಚಿಸಿದ್ದು ನೆನಪಿರಬಹುದು. ಒಂದು ಕಡೆಯವರು ಆಹಾ ಎಂದರು, ಇನ್ನೊಂದು ಕಡೆಯವರು ಇದು ಹಿಂಬಾಗಿಲ ಧರ್ಮಬೋಧೆ ಎಂದರು. ಮರುವರ್ಷ ನವೆಂಬರಿನಲ್ಲಿ ನಮ್ಮ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿಯವರು ಗಣಪತಿ ಪೂಜೆಯ ಬಗ್ಗೆ ಆಡಿದ ಮಾತಿಗೂ ಇದೇ ಗದ್ದಲ. ಯಾರಿಗೆ ಕೈಮುಗಿಯಬೇಕು, ಯಾರ ಹೆಸರು ಮೊದಲು ಹೇಳಬೇಕು ಎಂದು ಟಿವಿಯಲ್ಲಿ ದೊಡ್ಡವರು ಕೂಗಾಡಿದ್ದೇ ಕೂಗಾಡಿದ್ದು. ಎರಡೂ ಸಲ ಐದನೇ ಕ್ಲಾಸಿನ ಮಗುವನ್ನು ಕರೆದು, ‘ನಿನಗೆ ಒಬ್ಬಳೇ ಕೂರಬೇಕು ಅನ್ನಿಸುತ್ತದಾ ಪುಟ್ಟಾ, ಅನ್ನಿಸಿದಾಗ ಎಲ್ಲಿ ಕೂರುತ್ತೀಯ?’ ಎಂದು ಯಾರೂ ಕೇಳಿದಂತಿಲ್ಲ.

ಸುತ್ತೋಲೆಯಿಂದ ಮೌನ ಹುಟ್ಟುವುದಿಲ್ಲ. ಹಾಗೆಂದು ಸುತ್ತೋಲೆಗೆ ಹೆದರಿದವರ ಅಳುಕನ್ನು ನಾನು ತಳ್ಳಿಹಾಕಲಾರೆ. ಪೂರ್ತಿ ಸರ್ಕಾರಿ ದುಡ್ಡಿನ ಶಾಲೆಯಲ್ಲಿ ಧರ್ಮಬೋಧೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅನುದಾನಿತ ಶಾಲೆಯಲ್ಲೂ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಪೂಜೆಗೆ ಕೂರಿಸುವಂತಿಲ್ಲ. 1985ರಲ್ಲಿ ಕೇರಳದ ಒಂದು ಶಾಲೆ ಮೂವರು ಮಕ್ಕಳನ್ನು ಹೊರಹಾಕಿತ್ತು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆ ಒಪ್ಪದ ಕಾರಣ ಹಾಡುತ್ತಿರಲಿಲ್ಲ, ಅದೇ ತಪ್ಪು. ಮರುವರ್ಷ ಸುಪ್ರೀಂ ಕೋರ್ಟ್ ಆ ಮಕ್ಕಳ ಪರ ನಿಂತಿತು. ಸುಮ್ಮನೆ ನಿಂತ ಮಗುವಿಗೆ ಆ ಹಕ್ಕಿದೆ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿ ಇಷ್ಟು ವರ್ಷವಾಯಿತು. ನಾವು ಆ ಹಕ್ಕನ್ನು ದಿನಕ್ಕೆ ಐದು ನಿಮಿಷವಾದರೂ ಮಕ್ಕಳ ಕೈಗೆ ಕೊಟ್ಟಿಲ್ಲ.

ಐದು ನಿಮಿಷ ಯಾಕೆ ಬೇಕು ಎನ್ನುವವರಿಗೆ ನಮ್ಮ ಜಿಲ್ಲೆಯದೇ ಒಂದು ಮಾತು ಹೇಳುತ್ತೇನೆ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ರಾಜ್ಯಕ್ಕೇ ಮೊದಲು, ಶೇ 96.80. ಪಟಾಕಿ ಹೊಡೆದೆವು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ ಕ್ಯಾಮೆರಾ ಬಂತು. ಇಡೀ ರಾಜ್ಯದ ಫಲಿತಾಂಶವೇ ಶೇ 83.89ರಿಂದ 73.40ಕ್ಕೆ ಇಳಿಯಿತು, ನಾವು ಮೊದಲ ಹತ್ತರಲ್ಲೂ ಉಳಿಯಲಿಲ್ಲ. ಮಕ್ಕಳತ್ತ ನಾನು ಬೆರಳು ತೋರಿಸುತ್ತಿಲ್ಲ. ನಾವು ಮೊದಲು ಬಂದ ವರ್ಷವೂ ಪ್ರಾಮಾಣಿಕವಾಗಿ ಓದಿ ಪಾಸಾದವರು ಲೆಕ್ಕವಿಲ್ಲದಷ್ಟು. ನನ್ನನ್ನು ಕಾಡುವುದು ಬೇರೆ. ಪರೀಕ್ಷೆಯ ಬೆಳಿಗ್ಗೆ ಹಾಲ್ ಟಿಕೆಟ್ಟನ್ನು ದೇವರ ಮುಂದಿಟ್ಟು ಮುಗಿದ ಕೈ ಒಂದು ಗಂಟೆ ಬಿಟ್ಟು ಚೀಟಿ ಬಿಚ್ಚಿದರೆ, ಆ ಎರಡು ಕೆಲಸಗಳು ಒಂದನ್ನೊಂದು ಮುಟ್ಟುವುದೇ ಇಲ್ಲವಲ್ಲ, ಯಾಕೆ? ಬೇಡುವುದನ್ನಷ್ಟೇ ಪ್ರಾರ್ಥನೆ ಅಂತ ಕಲಿಸಿದೆವು. ತನ್ನನ್ನು ತಾನು ನೋಡಿಕೊಳ್ಳುವುದನ್ನು ಕಲಿಸಲಿಲ್ಲ. ಗೋಡೆಯ ಮೇಲೆ ಕ್ಯಾಮೆರಾ ಇಡಬಹುದು, ಜಿಲ್ಲಾ ಪಂಚಾಯಿತಿಯಲ್ಲಿ ಕೂತು ನೋಡಲೂಬಹುದು. ಕ್ಯಾಮೆರಾ ಇಲ್ಲದ ಜಾಗದಲ್ಲಿ, ಅಂದರೆ ಬದುಕಿನಲ್ಲಿ, ಆ ಹುಡುಗನನ್ನು ನೋಡುವವರು ಯಾರು?

ಹೀಗೆ ಸುಮ್ಮನೆ ಕೂತು ತನ್ನನ್ನು ತಾನು ನೋಡಿಕೊಳ್ಳುವುದು ನಮ್ಮ ನೆಲಕ್ಕೆ ಹೊರಗಿನಿಂದ ತರಬೇಕಾದ ವಿದ್ಯೆಯೂ ಅಲ್ಲ. ಮಾರಿಯಾ ಮಾಂಟೆಸರಿ ತಮ್ಮ ಶಾಲೆಗಳಲ್ಲಿ ಮೌನವನ್ನೇ ಒಂದು ಆಟ ಮಾಡಿದ್ದರು. ಪಿಸುದನಿಯಲ್ಲಿ ಕರೆದ ಹೆಸರು ಕೇಳಿಸಿಕೊಂಡ ಮಗು ಸದ್ದಿಲ್ಲದೆ ಎದ್ದು ಬರಬೇಕು. ಆಂಧ್ರದ ರಿಷಿ ವ್ಯಾಲಿ ಶಾಲೆಯಲ್ಲಿ ಮಕ್ಕಳು ಸಂಜೆ ಬಂಡೆಯ ಮೇಲೆ ಸುಮ್ಮನೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಾರೆ. ಒಳ್ಳೆಯದು. ಬಂಡೆ, ಸೂರ್ಯ ಎರಡೂ ನಮ್ಮಲ್ಲಿ ಬೇಕಾದಷ್ಟಿವೆ, ಸಾಲ ತರಬೇಕಾಗಿಲ್ಲ.

ಓಬವ್ವನನ್ನೇ ತೆಗೆದುಕೊಳ್ಳಿ. ಚಿತ್ರದುರ್ಗದ ಕೋಟೆಗೆ ಟೂರ್ ಬಂದ ಪ್ರತಿ ಶಾಲೆಯೂ ಕಿಂಡಿಯ ಮುಂದೆ ನಿಂತು ಒನಕೆಯ ಕಥೆ ಕೇಳುತ್ತದೆ. ಒನಕೆಗಿಂತ ಮೊದಲು ಅಲ್ಲಿ ಏನಾಯಿತು? ಗಂಡ ಉಣ್ಣುತ್ತಿದ್ದ, ಆಕೆ ನೀರಿಗೆ ಬಂದಳು, ಬಂಡೆಯ ಸಂದಿಯಿಂದ ಬಂದ ಸದ್ದು ಅವಳ ಕಿವಿಗೆ ಬಿತ್ತು. ತಲೆಯೊಳಗೇ ಗದ್ದಲ ತುಂಬಿಕೊಂಡಿದ್ದವಳಾಗಿದ್ದರೆ ಹೈದರಾಲಿಯ ಸೈನ್ಯ ಒಳಗೆ ನುಗ್ಗುತ್ತಿತ್ತು. ಕೈಯಲ್ಲಿ ಒನಕೆ ಹಿಡಿದ ಅವಳ ಪ್ರತಿಮೆ ನಿಲ್ಲಿಸಿದೆವು. ಅವಳ ಕಿವಿಯ ಬಗ್ಗೆ ಒಂದು ಮಾತಿಲ್ಲ.

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋದವರು ನೋಡಿರುತ್ತೀರಿ. ಹರಕೆ ಹೊತ್ತವರು ಗಂಗಮ್ಮನ ನೀರಿನ ಮುಂದೆ ಕೈಮುಗಿದು ಕಾಯುತ್ತಾರೆ. ನೀರಿನಿಂದ ಏನು ಮೇಲೆ ಬಂತೋ ಅದೇ ಉತ್ತರ ಎಂಬ ನಂಬಿಕೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ನೋಡುವುದು ಕಾಯುವವರ ಮುಖವನ್ನು. ಮೊಬೈಲ್ ಜೇಬಿನಲ್ಲಿ, ಕಣ್ಣು ನೀರಿನ ಮೇಲೆ, ಸುಳ್ಳು ಹೇಳಲಾಗದ ಮುಖ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ತಮ್ಮನ್ನು ‘ತಿರುಕ’ ಎಂದು ಕರೆದುಕೊಂಡು, ಜೋಳಿಗೆ ಹಿಡಿದು, ಊರೂರಿನ ಹುಡುಗರಿಗೆ ವ್ಯಾಯಾಮ, ಯೋಗ ಕಲಿಸುತ್ತ ನೂರು ದಾಟುವವರೆಗೆ ಬದುಕಿದರು. ಮೈಯನ್ನು ಹದಮಾಡದೆ ಮನಸ್ಸನ್ನು ಕೂರಿಸಲಾಗದು ಎಂಬುದು ಅವರಿಗೆ ಗೊತ್ತಿತ್ತು. ಬೆಳಗಿನಿಂದ ಕುಣಿಯಲು ಬಿಡದೆ ಮಕ್ಕಳಿಗೆ ‘ಕಣ್ಣು ಮುಚ್ಚು’ ಎನ್ನುವವರು ಇದನ್ನು ಗಮನಿಸಬೇಕು. ಸಾಣೇಹಳ್ಳಿಯಿಂದ 1997ರಿಂದಲೂ ಶಿವಸಂಚಾರ ರಂಗತಂಡದ ನಾಟಕಗಳು ಹೊರಡುತ್ತಿವೆ. ದೀಪಗಳೆಲ್ಲ ಆರಿ, ಮೊದಲ ಬೆಳಕು ಬೀಳುವ ಮುಂಚಿನ ಆ ಕತ್ತಲಲ್ಲಿ ಸಾವಿರ ಜನ ಉಸಿರು ಹಿಡಿದು ಕೂರುತ್ತಾರಲ್ಲ, ಅಲ್ಲಿ ಯಾರೂ ಬೆತ್ತ ಹಿಡಿದು ನಿಂತಿರುವುದಿಲ್ಲ.

ಇನ್ನು ಮಳೆ. ಬರದ ಸೀಮೆಯ ನಮಗೆ ಪ್ರಾರ್ಥನೆ ಎಂದರೆ ಬಹುಪಾಲು ಮಳೆಯೇ. ಮಣೆಯ ಮೇಲೆ ಮಣ್ಣಿನ ಮಳೆರಾಯನನ್ನು ಕೂರಿಸಿ, ತಲೆಮೇಲೆ ಹೊತ್ತು, ಮನೆಮನೆಯ ಮುಂದೆ ನಿಂತು ನೀರು ಹುಯ್ಯಿಸಿಕೊಳ್ಳುತ್ತಿದ್ದವರು ಮಕ್ಕಳು. ಊರಿನ ಪರವಾಗಿ ಬೇಡಿಕೊಳ್ಳುವ ಕೆಲಸವನ್ನು ಹಿರಿಯರು ಮಕ್ಕಳ ತಲೆಗೆ ಕೊಟ್ಟಿದ್ದರು. 2022ರಲ್ಲಿ 89 ವರ್ಷದ ಮೇಲೆ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಾಗ ಹಿರಿಯೂರಿನ ದಾರಿಯೆಲ್ಲ ಜಾತ್ರೆ. 1933ರ ಕೋಡಿಯನ್ನು ಕಣ್ಣಾರೆ ಕಂಡವರು ಎಷ್ಟು ಜನ ಉಳಿದಿದ್ದರೋ! ಅಂಥ ನೀರಿನ ಮುಂದೆ ನಿಂತ ಮಗುವಿಗೆ ‘ಸೆಲ್ಫಿ ತಗಿ’ ಎನ್ನುವ ಬದಲು ಎರಡು ನಿಮಿಷ ಸುಮ್ಮನೆ ನೋಡಲು ಬಿಟ್ಟಿದ್ದರೆ ಅದೇ ಪ್ರಾರ್ಥನೆಯಾಗುತ್ತಿತ್ತು.

ಮೇಷ್ಟ್ರೇ, ಟೀಚರಮ್ಮಾ, ನಿಮ್ಮನ್ನೇ ಕೇಳುತ್ತಿದ್ದೇನೆ. ಡಿಡಿಪಿಐ ಆದೇಶಕ್ಕೆ ಕಾಯಬೇಡಿ. ಒಂದು ಹೋಂವರ್ಕ್ ಕೊಡಿ. ‘ಏನಂತ ಕೇಳ್ಕಂತೀಯಜ್ಜಿ, ದೇವ್ರ ಹತ್ರ?’ ಎಂದು ಪ್ರತಿ ಮಗುವೂ ಮನೆಯ ಹಿರಿಯರನ್ನು ಕೇಳಿಕೊಂಡು ಬರಲಿ. ಒಬ್ಬಳ ಅಜ್ಜಿ ಎಮ್ಮೆಯ ಹಾಲು ಬತ್ತದಿರಲಿ ಎಂದಿರಬಹುದು. ಒಬ್ಬನ ಅಬ್ಬಾ ದುವಾದಲ್ಲಿ ಬೋರಿನ ನೀರನ್ನೇ ಕೇಳಿರಬಹುದು. ಹಟ್ಟಿಯಿಂದ ಬಂದವನು ಜುಂಜಪ್ಪನ ಹೆಸರು ಹೇಳಬಹುದು, ಪೀರಲ ಹಬ್ಬದಲ್ಲಿ ಕೆಂಡದ ಮುಂದೆ ನಿಂತ ಲಿಂಗಾಯತರ ತಾತನ ಸುದ್ದಿ ಇನ್ನೊಬ್ಬಳು ತರಬಹುದು. ‘ನಮ್ಮಪ್ಪ ಯಾವ ದೇವರಿಗೂ ಕೈ ಮುಗಿಯಲ್ಲ, ಬೆಳಿಗ್ಗೆ ಎದ್ದು ತೋಟದಲ್ಲಿ ಒಬ್ಬನೇ ಕೂತಿರ್ತಾನೆ’ ಎನ್ನುವ ಹುಡುಗನಿಗೂ ಪೂರ್ತಿ ಮಾರ್ಕು. ಮಾರ್ಕು ಎಂದೆನೆ? ತಪ್ಪಾಯಿತು, ಇದಕ್ಕೆ ಮಾರ್ಕು ಬೇಡ.

ಆಮೇಲೆ ಐದು ನಿಮಿಷ ಕೊಡಿ. ಬೇವಿನ ಮರದಡಿಯೋ, ಜಗುಲಿಯ ಮೇಲೋ. ಬೇಕಾದವರು ಕಣ್ಣು ಮುಚ್ಚಲಿ, ಬೇಕಾದವರು ಇರುವೆ ನೋಡಲಿ. ತನ್ನ ದೇವರ ಹೆಸರು ಮನಸ್ಸಿನಲ್ಲಿ ಹೇಳಿಕೊಳ್ಳುವವರು ಹೇಳಿಕೊಳ್ಳಲಿ, ನಿನ್ನೆ ಯಾರಿಗೆ ಹೊಡೆದೆ ಎಂದು ನೆನೆಯುವವರು ನೆನೆಯಲಿ. ಯಾರ ಮಂತ್ರವೂ ಬೇಡ, ಯಾರ ಫೋಟೋವೂ ಬೇಡ. ಕೂರಲು ಒಲ್ಲೆ ಎಂದವನನ್ನು ಕೂರಿಸಬೇಡಿ. ಮುಖ್ಯವಾಗಿ, ನೀವೂ ಕೂರಿ. ಮಕ್ಕಳು ಕಣ್ಣು ಮುಚ್ಚಿದ್ದಾಗ ಹಾಜರಿ ಪುಸ್ತಕ ತಿದ್ದುವ ಮೇಷ್ಟ್ರನ್ನು ಮಕ್ಕಳು ರೆಪ್ಪೆಯ ಸಂದಿಯಿಂದ ನೋಡುತ್ತಾರೆ.

ಒಂದು ಎಚ್ಚರವಿದೆ, ಇದನ್ನು ಹಗುರಾಗಿ ಹೇಳಲಾರೆ. ಸುಮ್ಮನೆ ಕೂತ ಮಗುವಿಗೆ ತೆರೆದುಕೊಳ್ಳುವುದು ನೆಮ್ಮದಿಯೊಂದೇ ಅಲ್ಲ. ಕುಡಿದು ಬರುವ ಅಪ್ಪ, ಹತ್ತನೇ ಕ್ಲಾಸು ಮುಗಿಯುವ ಮುಂಚೆಯೇ ಗೊತ್ತುಮಾಡಿದ ಮದುವೆ. ಕೆಲವು ಹಟ್ಟಿಗಳಲ್ಲಿ ಈಗಲೂ ತಿಂಗಳಲ್ಲಿ ಮೂರು ದಿನ ಊರಾಚೆ ಗುಡಿಸಲಿನಲ್ಲಿ ಕೂರುವ ಹುಡುಗಿ, ‘ಇದನ್ನು ನಿಜವಾಗಿ ದೇವರೇ ಹೇಳಿದ್ದಾ ಮಿಸ್?’ ಎಂದು ಕೇಳಿಯಾಳು. ಆ ಪ್ರಶ್ನೆಯೇ ಅವಳ ಪ್ರಾರ್ಥನೆ. ಗದರಿಸಿ ಕೂರಿಸಿದರೆ ನೀವು ಮಾಡಿದ್ದೆಲ್ಲ ನೀರಲ್ಲಿ ಹೋಮ. ಇನ್ನೂ ಕೆಲವು ಮಕ್ಕಳ ಬಾಯನ್ನು ಯಾರೋ ಮುಚ್ಚಿಸಿರುತ್ತಾರೆ. ಮನೆಯಾಗಲಿ ಮಠವಾಗಲಿ, ಮದರಸವಾಗಲಿ ಚರ್ಚಾಗಲಿ, ಸರ್ಕಾರಿ ಹಾಸ್ಟೆಲ್ಲಾಗಲಿ, ದೊಡ್ಡವರ ಹೆಸರು ಉಳಿಸಲು ಮಗುವಿನ ಬಾಯಿ ಮುಚ್ಚಿಸಿದ ಮೌನಕ್ಕೂ ನಾನು ಕೇಳುತ್ತಿರುವ ಮೌನಕ್ಕೂ ಹಗಲು ರಾತ್ರಿಯಷ್ಟು ದೂರ. ಮೊದಲನೆಯದನ್ನು ಮುರಿಯುವ ಧೈರ್ಯ ಬರಲೆಂದೇ ಎರಡನೆಯದು ಬೇಕು. 1098 ಎಂಬ ಮಕ್ಕಳ ಸಹಾಯವಾಣಿ ನಂಬರನ್ನು ಸುಭಾಷಿತದ ಪಕ್ಕದಲ್ಲೇ ಬರೆದಿಡಿ.

ಸ್ವಾಮೀಜಿಗಳೇ, ಮೌಲ್ವಿಗಳೇ, ಫಾದರ್, ನಿಮ್ಮ ನಿಮ್ಮ ಶಾಲೆಗಳಲ್ಲೂ ಆ ಐದು ನಿಮಿಷ ನಿಮ್ಮದಲ್ಲ, ಮಗುವಿನದು. ಎಸ್‌ಡಿಎಂಸಿಯ ಅಣ್ಣಂದಿರೇ, ಶಾಲೆಗೆ ಮೈಕ್ ಸೆಟ್ ಕೊಡಿಸಲು ಚಂದಾ ಎತ್ತುವಾಗ ಒಂದು ಗಿಡವನ್ನೂ ನೆಡಿ, ನಾಲ್ಕು ವರ್ಷಕ್ಕೆ ಅದರಡಿ ಕೂರಲು ನೆರಳಾಗುತ್ತದೆ. ಅಪ್ಪ ಅಮ್ಮಂದಿರೇ, ರಾತ್ರಿ ಟಿವಿ ಆರಿಸಿ ಮಗಳು ಸುಮ್ಮನೆ ಕೂತಿದ್ದರೆ ‘ಯಾಕೆ, ಏನಾಯ್ತು, ಓದ್ಕೋ ಹೋಗು’ ಎನ್ನಬೇಡಿ. ಪಕ್ಕದಲ್ಲಿ ಕೂರಿ.

ಬರುವ ಸೋಮವಾರ ಶಾಲೆಗೆ ಹೋದಾಗ, ಮೇಷ್ಟ್ರೇ, ಆ ಬಲಮೂಲೆಯ ಹೆಸರುಗಳನ್ನು ಒರೆಸಿಬಿಡಿ. ಮಾನಿಟರ್ ಕೈಯಿಂದ ಸೀಮೆಸುಣ್ಣ ವಾಪಸ್ ಇಸಕೊಂಡು, ಅವನನ್ನೂ ಹೋಗಿ ಕೂರು ಎನ್ನಿ.