ಸವೆದ ಕೀಲಿಯನ್ನು ಬಿಚ್ಚಿ ನೋಡಿರಿ

ನಮ್ಮ ಮುಂಡಗೋಡದ ಕಡೆ ಬೀಗಕ್ಕೆ ಕೀಲಿಯೆಂದೂ ಅದನ್ನು ತೆರೆಯುವ ಸಾಧನಕ್ಕೆ ಕೀಲಿಕೈಯೆಂದೂ ಹೆಸರು. ಇಲ್ಲಿಯೂ ಅವೇ ಪದಗಳನ್ನು ಬಳಸುವೆವು. ನಮ್ಮ ವಿಷಯ ಮೋಟಾರು ವಾಹನದ ಕೀಲಿ. ಎಂದರೆ, ಎಂಜಿನ್ನನ್ನು ಚಾಲೂ ಮಾಡುವಾಗ ಕೀಲಿಕೈಯನ್ನು ತೂರಿಸಿ ತಿರುಗಿಸುವ ಆ ಸಣ್ಣ ಸಿಲಿಂಡರು. ಸವೆದುಹೋದಾಗ ಇದನ್ನು ಬಿಚ್ಚಿ ಹೊಸದನ್ನು ಕೂಡಿಸುವುದು ಯೋಗ್ಯ ಮಾರ್ಗ. ಆದರೆ ಸಿಲಿಂಡರನ್ನು ಹಾಗೆಯೇ ಬಿಟ್ಟು, ಅದರ ಹಿಂದಿನ ತಂತಿಗಳನ್ನು ಹೆಣೆದು 'ಡೈರೆಕ್ಟ್' ಮಾಡಿಸಿಕೊಂಡು ತಿರುಗುವ ರೂಢಿಯೊಂದುಂಟು. ಕಾಲೇಜಿಗೆ ಮೋಟಾರುಸೈಕಲ್ಲಿನ ಮೇಲೆ ಬರುವ ತರುಣರೂ ಇದಕ್ಕೆ ಹೊರತಲ್ಲ. ಇದನ್ನು ಮಿತವ್ಯಯವೆಂದು ಕರೆಯಲು ನಾವು ಒಪ್ಪೆವು.

ಮಲೆನಾಡೂ ಬಯಲುಸೀಮೆಯೂ ಕೂಡುವ ಈ ತಾಲೂಕಿನಲ್ಲಿ ಕೀಲಿಗೆ ಎರಡು ಬಗೆಯ ಕಂಟಕ. ದ್ವಿಚಕ್ರವಾಹನದ ಕೀಲಿಯ ಬಾಯಿ ಸಾಮಾನ್ಯವಾಗಿ ಆಕಾಶವನ್ನೇ ನೋಡುತ್ತಿರುತ್ತದೆ. ಮಳೆಗಾಲದಲ್ಲಿ ಅದರೊಳಗೆ ನೀರು ಇಳಿಯುತ್ತದೆ, ಬೇಸಗೆಯಲ್ಲಿ ಕೆಂಪು ಧೂಳು ತುಂಬುತ್ತದೆ. ಕೀಲಿಕೈ ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆಯನ್ನೋ ಎಂಜಿನ್ ಎಣ್ಣೆಯನ್ನೋ ಹನಿಸುವವರುಂಟು. ಎಣ್ಣೆ ಧೂಳನ್ನು ಹಿಡಿದಿಟ್ಟುಕೊಂಡು ಸಾಣೆಯ ಲೇಪದಂತೆ ಒಳಗಿನ ಲೋಹವನ್ನು ತೇಯುತ್ತದೆ. ಗ್ರಾಫೈಟಿನ ಒಣಪುಡಿ ಉತ್ತಮ. ಆದರೆ ಗ್ರಾಫೈಟು ವಿದ್ಯುದ್ವಾಹಕ. ಕೆಳಗಿನ ಸ್ವಿಚ್ಚಿನ ಮೇಲೆ ಉದುರುವಷ್ಟು ಸುರಿಯಬಾರದು.

ಸಿಲಿಂಡರಿನೊಳಗೆ ಇರುವುದೇನು? ಸಣ್ಣ ಸ್ಪ್ರಿಂಗುಗಳ ಮೇಲೆ ನಿಂತ ಕೆಲವು ತೆಳು ಹಿತ್ತಾಳೆಯ ಬಿಲ್ಲೆಗಳು. ಕೀಲಿಕೈ ಇಲ್ಲದಾಗ ಇವು ಹೊರಚಾಚಿ ಸಿಲಿಂಡರನ್ನು ತಿರುಗಗೊಡವು. ತಕ್ಕ ಕೀಲಿಕೈಯ ಕಚ್ಚುಗಳು ಪ್ರತಿಯೊಂದು ಬಿಲ್ಲೆಯನ್ನೂ ಸರಿಯಾದ ಎತ್ತರಕ್ಕೆ ತಂದಾಗ ಎಲ್ಲವೂ ಒಂದೇ ಮಟ್ಟಕ್ಕೆ ಬಂದು ಸಿಲಿಂಡರು ತಿರುಗುತ್ತದೆ. ಪ್ರಾಚೀನ ಈಜಿಪ್ಟಿನ ಮರದ ಕೀಲಿಯಲ್ಲಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೇರಿಕೆಯ ಯೇಲ್ ಎಂಬಾತನು ರೂಪಿಸಿದ ಕೀಲಿಯಲ್ಲಿಯೂ ಬಿಲ್ಲೆಯ ಬದಲು ಕಡ್ಡಿಗಳಿದ್ದವು. ತತ್ತ್ವ ಮಾತ್ರ ಇದರದೇ. ಆರು ಬಿಲ್ಲೆಗಳು, ಪ್ರತಿಯೊಂದಕ್ಕೂ ನಾಲ್ಕು ಎತ್ತರಗಳೆಂದಿಟ್ಟುಕೊಂಡರೆ 4096 ಬಗೆಯ ಕೀಲಿಕೈಗಳು ಸಾಧ್ಯ. ಬಿಲ್ಲೆಗಳು ಸವೆದಂತೆ ಈ ಸಂಖ್ಯೆ ಕುಗ್ಗುತ್ತದೆ. ಕಡೆಗೆ ನೆರೆಯವರ ಕೀಲಿಕೈಯೂ ನಮ್ಮ ಗಾಡಿಗೆ ಒಪ್ಪುವ ದಿನ ಬರುತ್ತದೆ!

ಇಲ್ಲೊಂದು ಮಾತನ್ನು ತರುಣ ವಾಚಕರು ಗಮನಿಸಬೇಕು. ಸವೆದ ಕೀಲಿಕೈಯನ್ನು ಮಾದರಿಯಾಗಿ ಕೊಟ್ಟು ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ, ಅದರ ಮೇಲೆ ಯಂತ್ರದ ತಪ್ಪೂ ಕೂಡುತ್ತದೆ. ಹೊಸ ವಾಹನದೊಡನೆ ಬಂದ ಎರಡನೆಯ ಕೀಲಿಕೈಯನ್ನು ಬಳಸದೆ ಜೋಪಾನವಾಗಿಟ್ಟು, ನಕಲಿಗೆ ಅದನ್ನೇ ಕೊಡುವುದು ಲೇಸು.

ಇನ್ನು 'ಡೈರೆಕ್ಟ್' ವಿಚಾರ. ಕೈಯಿಂದ ಹೆಣೆದ ತಂತಿಯ ಗಂಟು ಸಡಿಲವಾಗಿ ಅದರ ರೋಧ ಅರ್ಧ ಓಮ್ ಆಯಿತೆನ್ನೋಣ. ಆರು ಆಂಪಿಯರ್ ಪ್ರವಾಹ ಹರಿದರೆ ಅಲ್ಲಿ ಹುಟ್ಟುವ ಶಾಖ 18 ವಾಟ್. ಬೆಸುಗೆ ಹಾಕುವ ಸಣ್ಣ ಕಾವುಗೋಲಿಗೆ ಸಾಕಾಗುವ ಈ ಕಾವು ಪೆಟ್ರೋಲ್ ಟಾಕಿಯ ಸಮೀಪದಲ್ಲಿರುತ್ತದೆ. ಮತ್ತೊಂದು ವಿಚಿತ್ರವೂ ಉಂಟು. ಬ್ಯಾಟರಿಯಿಂದ ಕಿಡಿ ಪಡೆಯುವ ವಾಹನದಲ್ಲಿ ಕೀಲಿಯನ್ನು ಆಫ್ ಮಾಡಿದರೆ ವಿದ್ಯುನ್ಮಂಡಲ ಕಡಿಯುತ್ತದೆ. ಹಳೆಯ ಮ್ಯಾಗ್ನೆಟೋ ವಾಹನಗಳಲ್ಲಿ ಇದಕ್ಕೆ ವಿರುದ್ಧವಾಗಿ ಮಂಡಲ ಕೂಡುತ್ತದೆ, ಕಿಡಿಗೆ ಸಲ್ಲಬೇಕಾದ ವಿದ್ಯುತ್ತು ವಾಹನದ ಮೈಗೆ ಹರಿದುಹೋಗಿ ಎಂಜಿನ್ ನಿಲ್ಲುತ್ತದೆ. ಅಂಥ ಗಾಡಿಯಲ್ಲಿ ಆ ತಂತಿ ಕಳಚಿತೆಂದರೆ ಎಂಜಿನ್ನನ್ನು ಕೀಲಿಯಿಂದ ನಿಲ್ಲಿಸಲಾಗದು. ಸಂತೆಯ ದಿನ ಬಸ್ ನಿಲ್ದಾಣದ ಮುಂದೆ ಹೀಗಾದರೆ ಗತಿಯೇನು?

ಕೀಲಿಯಂಥ ಕ್ಷುದ್ರ ವಸ್ತುವಿಗೆ ಇಷ್ಟು ಮಾತೇಕೆ ಎನ್ನುವವರು ಅಮೇರಿಕೆಯ ಜನರಲ್ ಮೋಟಾರ್ಸ್ ಕಂಪನಿಯ ಪ್ರಕರಣವನ್ನು ನೋಡಬೇಕು. ಆ ಕಂಪನಿಯ ಕೆಲವು ಕಾರುಗಳಲ್ಲಿ ಕೀಲಿಯ ಹಿಂದಿನ ಸ್ವಿಚ್ಚು ತೀರ ಸಡಿಲವಾಗಿತ್ತು. ಓಡುತ್ತಿರುವಾಗಲೇ ಅದು ತಾನಾಗಿ ತಿರುಗಿ ಎಂಜಿನ್ ನಿಲ್ಲುತ್ತಿತ್ತು, ಅಪಘಾತದಲ್ಲಿ ಪ್ರಾಣರಕ್ಷಣೆ ಮಾಡಬೇಕಾದ ಗಾಳಿಚೀಲವೂ ಉಬ್ಬುತ್ತಿರಲಿಲ್ಲ. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. 124 ಸಾವುಗಳಿಗೆ ಪರಿಹಾರವನ್ನು ಒಪ್ಪಲಾಯಿತು. ಓಡುವಾಗಲೇ ಕೀಲಿಕೈ ಕೈಗೆ ಬರುವ ಸಂಭವವಿದ್ದುದರಿಂದ ಸಿಲಿಂಡರನ್ನೂ ಬದಲಿಸಬೇಕಾಯಿತು.

ಲೆಕ್ಕ ನೋಡಿರಿ. ಆ ಸ್ವಿಚ್ಚನ್ನು ತಿರುಗಿಸಲು ಕನಿಷ್ಠ 15 ನ್ಯೂಟನ್-ಸೆಂಟಿಮೀಟರ್ ಟಾರ್ಕ್ ಬೇಕಾಗಬೇಕೆಂದು ವಿಧಿಸಲಾಗಿತ್ತು. ತಯಾರಾದವು ಅದಕ್ಕಿಂತ ದುರ್ಬಲವಾಗಿದ್ದವು. 200 ಗ್ರಾಮಿನ ಕೀಲಿಕೈ ಗೊಂಚಲು ಅಕ್ಷದಿಂದ 3 ಸೆಂಟಿಮೀಟರ್ ದೂರದಲ್ಲಿ ತೂಗಿದರೆ ಟಾರ್ಕ್ ಸುಮಾರು 6. ರಸ್ತೆಯ ಗುಂಡಿಯೊಂದು ಕ್ಷಣಕಾಲ ಅದನ್ನು ಮೂರು ಪಟ್ಟು ಮಾಡಿದರೆ 18! ಮನೆಯ, ಅಂಗಡಿಯ, ಕಪಾಟಿನ ಕೀಲಿಕೈಗಳನ್ನೆಲ್ಲ ಒಂದೇ ಬಳೆಗೆ ಪೋಣಿಸಿ ತೂಗಿಬಿಡುವವರು ಈ ಗುಣಾಕಾರವನ್ನು ಒಮ್ಮೆ ಮಾಡಲಿ. 2006ರಲ್ಲಿಯೇ ಕಂಪನಿಯಲ್ಲಿ ಆ ಭಾಗವನ್ನು ತಿದ್ದಲಾಗಿತ್ತು, ಆದರೆ ಭಾಗದ ಸಂಖ್ಯೆಯನ್ನು ಬದಲಿಸಿರಲಿಲ್ಲ. ಹಳೆಯದನ್ನೂ ಹೊಸದನ್ನೂ ಬಿಚ್ಚಿ ಹೋಲಿಸಿ ನೋಡಿದ ಎಂಜಿನಿಯರನಿಗೆ ಒಳಗಿನ ಬೇರೆತನ ಕಂಡಿತು. ಕಾಗದ ಮರೆಮಾಡಿದ್ದನ್ನು ಅಳತೆ ಹೊರಗೆಡವಿತು.

ಬದಲಿಸುವ ಕೆಲಸ ಕಠಿನವಲ್ಲ, ಕ್ರಮ ಮುಖ್ಯ. ಮೊದಲು ಬ್ಯಾಟರಿಯ ಋಣಾಗ್ರವನ್ನು ಕಳಚಬೇಕು. ವಾಹನದ ಮೈಯೇ ಋಣಾಗ್ರಕ್ಕೆ ಕೂಡಿರುವುದರಿಂದ, ಧನಾಗ್ರವನ್ನು ಮೊದಲು ಬಿಚ್ಚುವಾಗ ಪಾನ ಮೈಗೆ ತಗುಲಿದರೆ ಮಂಡಲದ ರೋಧ ಓಮಿನ ನೂರನೆಯ ಒಂದಂಶವಾಗಬಹುದು. 12 ವೋಲ್ಟಿಗೆ ಪ್ರವಾಹ 1200 ಆಂಪಿಯರ್! ಗಾಳಿಚೀಲವುಳ್ಳ ಕಾರಿನಲ್ಲಿ ಬ್ಯಾಟರಿ ಕಳಚಿದ ಮೇಲೂ ವಿದ್ಯುದ್ಧಾರಕದಲ್ಲಿ ಚಾರ್ಜು ಉಳಿದಿರುತ್ತದೆ. ಕೈಪಿಡಿ ಹೇಳಿದಷ್ಟು ನಿಮಿಷ ಕಾಯಲೇಬೇಕು. ಅನಂತರ ಅನೇಕ ಕಾರುಗಳಲ್ಲಿ ಕೀಲಿಕೈಯನ್ನು ನಿಯತ ಸ್ಥಾನಕ್ಕೆ ತಿರುಗಿಸಿ, ಹಿಡಿಗೂಟವನ್ನು ಒತ್ತಿದರೆ ಸಿಲಿಂಡರು ಹೊರಬರುತ್ತದೆ. ಕೀಲಿಕೈಯಲ್ಲಿ ಚಿಪ್ಪುಳ್ಳ ವಾಹನದಲ್ಲಿ ಲೋಹದ ಕಚ್ಚು ಒಪ್ಪಿದರೆ ಸಾಲದು, ಚಿಪ್ಪಿನ ಗುರುತೂ ಒಪ್ಪಬೇಕು. ಆ ಕೆಲಸ ತಿಳಿದವರಿಗೇ ಇರಲಿ. ದ್ವಿಚಕ್ರವಾಹನಕ್ಕೆ ಟಾಕಿಯ ಮುಚ್ಚಳದ ಕೀಲಿಯೂ ಸೇರಿದ ಪೂರ್ಣ ಸೆಟ್ಟನ್ನೇ ಕೊಳ್ಳಬೇಕೆಂದು ಕೆಲವು ಅಂಗಡಿಗಳಲ್ಲಿ ಒತ್ತಾಯಿಸುವುದುಂಟು. ಬಿಡಿಯಾಗಿ ಸಿಕ್ಕುವಲ್ಲಿ ಜೇಬಿನಲ್ಲಿ ಎರಡು ಕೀಲಿಕೈ ಇದ್ದರೆ ನಷ್ಟವಿಲ್ಲವೆಂದು ನಮ್ಮ ಅಭಿಪ್ರಾಯ.

ತೆಗೆದ ಹಳೆಯ ಸಿಲಿಂಡರನ್ನು ಗ್ಯಾರೇಜಿನ ಗುಜರಿ ಡಬ್ಬಿಗೆ ಹಾಕಗೊಡದೆ ಕಾಲೇಜಿಗೆ ತನ್ನಿರಿ. ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜು ಇದೆ, ತಕ್ಕಡಿ ಇದೆ. ಬಿಲ್ಲೆಗಳ ಸವೆತವನ್ನು ಅಳೆಯಬಹುದು, ಸ್ಪ್ರಿಂಗು ಎಷ್ಟು ಗ್ರಾಮಿಗೆ ಎಷ್ಟು ಕುಗ್ಗುವುದೆಂದು ನೋಡಬಹುದು. ಸ್ಪ್ರಿಂಗುಗಳು ಹಾರಿ ಕಣ್ಣಿಗೆ ಬಡಿಯದಂತೆ ಬಟ್ಟೆಯ ಮರೆಯಲ್ಲಿ ಬಿಚ್ಚುವುದನ್ನು ಮರೆಯದಿರಿ.