ಹೊಸಪೇಟೆಯಲ್ಲಿ ಮಳೆಯೇ ಇಲ್ಲ, ಟಿ.ಬಿ. ಡ್ಯಾಂ ತುಂಬುವುದು ಹೇಗೆ?

“ನಮ್ಮೂರಲ್ಲಿ ಹನಿ ಮಳೆಯಿಲ್ಲ, ಡ್ಯಾಂ ಮಾತ್ರ ತುಂಬಿದೆ. ಇದರಲ್ಲಿ ಏನೋ ಇದೆ!” ಮಳೆಗಾಲ ಬಂತೆಂದರೆ ಇಂಥ ಸಂದೇಶಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ಇದರಲ್ಲಿ ಗುಟ್ಟೇನೂ ಇಲ್ಲ. ನದಿಯ ದಾರಿ ತಿಳಿದರೆ ಉತ್ತರ ಸಿಗುತ್ತದೆ.

ನೀರು ಬರುವುದು ಎಲ್ಲಿಂದ?

ತುಂಗಾ ಮತ್ತು ಭದ್ರಾ ಎರಡೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಶಿವಮೊಗ್ಗ ಬಳಿಯ ಕೂಡ್ಲಿಯಲ್ಲಿ ಒಂದಾಗಿ ತುಂಗಭದ್ರೆ ಆಗುತ್ತವೆ. ಮುಂದೆ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದಾ ಸೇರುತ್ತದೆ. ಸುಮಾರು 28 ಸಾವಿರ ಚದರ ಕಿ.ಮೀ. ಪ್ರದೇಶದ ನೀರು ಹೊಸಪೇಟೆಯ ಅಣೆಕಟ್ಟೆಗೆ ಬರುತ್ತದೆ. ಶೃಂಗೇರಿ, ತೀರ್ಥಹಳ್ಳಿಯಲ್ಲಿ ಜೋರು ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ಒಳಹರಿವು ಏರುತ್ತದೆ.

ಇನ್ನೊಂದು ವಿಷಯವಿದೆ. ಭದ್ರೆಗೆ ಲಕ್ಕವಳ್ಳಿಯಲ್ಲಿ ಸುಮಾರು 71 ಟಿಎಂಸಿ ಹಿಡಿಯುವ ದೊಡ್ಡ ಜಲಾಶಯವಿದೆ. ತುಂಗೆಗೆ ಗಾಜನೂರಿನಲ್ಲಿರುವುದು ಸುಮಾರು 3 ಟಿಎಂಸಿಯದು. ಹಾಗಾಗಿ ಮೊದಲ ಮಳೆಗೆ ತುಂಗೆಯ ನೀರು ಬೇಗ ಕೆಳಗೆ ಬರುತ್ತದೆ, ಭದ್ರೆಯದು ಲಕ್ಕವಳ್ಳಿಯಲ್ಲಿ ನಿಲ್ಲುತ್ತದೆ.

ಸಂಡೂರಿನ ಮಳೆ?

ಸಂಡೂರು ಕಣಿವೆಯ ನೀರನ್ನು ಒಯ್ಯುವುದು ನಾರಿಹಳ್ಳ. ತಾರಾನಗರದ ಬಳಿ ಅದಕ್ಕೆ ಬೇರೆಯೇ ಜಲಾಶಯವಿದೆ. ಬಳ್ಳಾರಿ ಕಡೆಯ ವೇದಾವತಿ, ಅಂದರೆ ಹಗರಿ, ತುಂಗಭದ್ರೆಯನ್ನು ಸೇರುವುದೂ ಡ್ಯಾಂ ದಾಟಿದ ಮೇಲೆ, ಸಿರುಗುಪ್ಪ ತಾಲ್ಲೂಕಿನಲ್ಲಿ. ಇವು ಡ್ಯಾಂ ತುಂಬಿಸುವುದಿಲ್ಲ.

ಗಂಗೆಯ ಹಾಗಲ್ಲ

ಗಂಗೆಗೆ ಬೇಸಿಗೆಯಲ್ಲೂ ಹಿಮಾಲಯದ ಹಿಮ ಕರಗಿದ ನೀರು ಬರುತ್ತದೆ. ತುಂಗಭದ್ರೆಗೆ ಮಳೆಯೇ ಗತಿ. ಏಪ್ರಿಲ್, ಮೇ ತಿಂಗಳಲ್ಲಿ ಹಂಪಿಯಲ್ಲಿ ಬಂಡೆಗಳ ನಡುವೆ ನೀರು ಸಣ್ಣಗೆ ಹರಿಯುವುದು ಅದಕ್ಕೇ. ಮಳೆಗಾಲದಲ್ಲಿ ಡ್ಯಾಂನಿಂದ ಹೆಚ್ಚು ನೀರು ಬಿಟ್ಟರೆ ಅದೇ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ ಸೇತುವೆ ಮೇಲೆ ಸಂಚಾರ ನಿಲ್ಲುತ್ತದೆ.

ಕ್ಯುಸೆಕ್, ಟಿಎಂಸಿ ಅಂದರೆ?

ಕ್ಯುಸೆಕ್ ಅಂದರೆ ಒಂದು ಸೆಕೆಂಡಿಗೆ ಹರಿಯುವ ಒಂದು ಘನ ಅಡಿ ನೀರು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯುಸೆಕ್ ಇಡೀ ದಿನ ಬಂದರೆ 8.64 ಟಿಎಂಸಿ ಆಗುತ್ತದೆ. ಹೂಳು ತುಂಬಿ ಡ್ಯಾಂನ ಸಾಮರ್ಥ್ಯ 133ರಿಂದ ಸುಮಾರು 105 ಟಿಎಂಸಿಗೆ ಇಳಿದಿದೆ. ಬಹುತೇಕ ತುಂಬಿದ ಡ್ಯಾಂಗೆ ಇಷ್ಟು ನೀರು ಬಂದರೆ ಗೇಟ್ ತೆರೆಯದೆ ಬೇರೆ ದಾರಿಯಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಅದು ನಿಜ. ಆದರೆ ಅಣೆಕಟ್ಟೆ ಒಡೆದಿರಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ಕಂಪ್ಲಿಯ ನದಿದಂಡೆಯ ಮನೆಯವರಿಗೆ ಬಹಳ ದೊಡ್ಡದು. ಸುಳ್ಳು ಸುದ್ದಿ ಅವರನ್ನು ನಡುರಾತ್ರಿ ಓಡಿಸುತ್ತದೆ. ಹತ್ತು ಸಲ ಸುಳ್ಳಾದರೆ ನಿಜವಾದ ಎಚ್ಚರಿಕೆಯನ್ನೂ ಅವರು ನಂಬುವುದಿಲ್ಲ.

ಆದ್ದರಿಂದ ವಿಡಿಯೋ ಯಾವ ವರ್ಷದ್ದು ಎಂದು ನೋಡಿ. ತುಂಗಭದ್ರಾ ಮಂಡಳಿ ದಿನವೂ ಕೊಡುವ ಒಳಹರಿವು, ಹೊರಹರಿವಿನ ಅಂಕಿಗಳನ್ನು ನೋಡಿ. ಆಮೇಲೆ ಕಳಿಸಿ.