ತಟ್ಟೆ ತೊಳೆಯುವ ಖರ್ಚೂ ಕೊಟೇಶನ್‌ನಲ್ಲಿರಲಿ

ಹೋಟೆಲ್ ಬಂಧುಗಳೇ,

ಘೋಟಿಯಿಂದ ನಾಸಿಕ್ ಕಡೆಯ ಕಾಲೇಜು, ವಿಶ್ವವಿದ್ಯಾಲಯಗಳ ಸಮಾರಂಭಗಳಿಗೆ ನಾವು ಊಟ ಒದಗಿಸುತ್ತ ಬಂದಿದ್ದೇವೆ. ಈಗ ಎಲ್ಲೆಡೆ 'ಪರಿಸರಸ್ನೇಹಿ ಕಾರ್ಯಕ್ರಮ' ಎಂಬ ಬ್ಯಾನರ್ ಕಾಣುತ್ತದೆ. ಸಂತೋಷ. ಆದರೆ ಊಟದ ಆರ್ಡರ್ ಮಾತ್ರ ಕಡಿಮೆ ದರ ಬರೆದವರಿಗೇ. ಆ ಕಡಿಮೆ ದರದ ಗುಟ್ಟು ನಮಗೆಲ್ಲ ಗೊತ್ತು: ಉಂಡು ಬಿಸಾಡುವ ತಟ್ಟೆ, ಲೋಟ.

ಒಮ್ಮೆ ನಾವು ಸ್ಟೀಲ್ ತಟ್ಟೆಯ ದರ ಬರೆದು ಆರ್ಡರ್ ಕಳೆದುಕೊಂಡೆವು. ಮರುದಿನ ಆ ಮೈದಾನದ ಹಿಂದೆ ಎಂಜಲು ತಟ್ಟೆಗಳ ರಾಶಿಗೆ ದನಗಳು ಬಾಯಿ ಹಾಕುತ್ತಿದ್ದವು.

ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್, ಥರ್ಮಾಕೋಲ್ ತಟ್ಟೆ-ಲೋಟಗಳಿಗೆ 2018ರಲ್ಲೇ ನಿಷೇಧ ಬಂತು. 2022ರ ಜುಲೈನಲ್ಲಿ ಪ್ಲಾಸ್ಟಿಕ್ ಲೇಪನದ ಕಾಗದದ ತಟ್ಟೆಯೂ ಅದಕ್ಕೆ ಸೇರಿತು. ಕಾನೂನು ಬಂದರೂ ಕೊಟೇಶನ್ ಬದಲಾಗಲಿಲ್ಲ. ತಪ್ಪು ನಮ್ಮಲ್ಲೂ ಇದೆ. ತೊಳೆಯಲು ಹುಡುಗರು ಸಿಗುವುದಿಲ್ಲ ಎಂದು ನಾವೂ ಬಿಸಾಡುವ ತಟ್ಟೆಗೆ ಒಗ್ಗಿಕೊಂಡೆವು.

ನಮ್ಮ ಸಲಹೆ ಇಷ್ಟೇ. ಊಟದ ದರ ಒಂದು ಸಾಲಿನಲ್ಲಿ, ಸ್ಟೀಲ್ ತಟ್ಟೆ-ಲೋಟದ ಬಾಡಿಗೆ, ತೊಳೆಯುವ ಕೂಲಿ, ನೀರು ಇನ್ನೊಂದು ಸಾಲಿನಲ್ಲಿ ಬರೆಯೋಣ. ಬೇಸಿಗೆಯಲ್ಲಿ ನೀರಿಗೆ ತೊಂದರೆಯಾದರೆ ಬಾಳೆಎಲೆ, ಮುತ್ತುಗದ ಪತ್ರಾವಳಿ ಇದ್ದೇ ಇವೆ. ಜನರ ಲೆಕ್ಕ ಎರಡು ದಿನ ಮೊದಲೇ ಕೊಡಬೇಕೆಂದು ಷರತ್ತು ಹಾಕೋಣ. 500 ಎಂದು ಹೇಳಿ 300 ಜನ ಬಂದರೆ ಉಳಿದ ಅನ್ನದ ಗತಿ ಏನು? ಘೋಟಿ ಭತ್ತದ ಸೀಮೆ. ಚೆಲ್ಲಿದ ಅನ್ನ ಕಂಡರೆ ಇಲ್ಲಿಯವರ ಹೊಟ್ಟೆ ಉರಿಯುತ್ತದೆ.

ಒಬ್ಬರೇ ಹೀಗೆ ಬರೆದರೆ ಆರ್ಡರ್ ಕೈತಪ್ಪುತ್ತದೆ. ಎಲ್ಲರೂ ಬರೆದರೆ ಅದೇ ಪದ್ಧತಿಯಾಗುತ್ತದೆ. ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ವಿನಂತಿ.